ಕಾಂತಪ್ಪನವರ ಕರಾರು ಕುವೈತಿಗೆ ಹೋದದ್ದು

ಚೆನ್ನೈಯ ಕೀಲ್ಪಾಕಿನಲ್ಲಿ, ಮೆಡಿಕಲ್ ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಹದಿನಾಲ್ಕು ಮೇಜಿನ ಒಂದು ಸಸ್ಯಾಹಾರಿ ಹೋಟೆಲಿದೆ. ಅದರ ಯಜಮಾನ ಕಾಂತಪ್ಪನವರು, ಯಾರು ಏನು ಕೇಳಿದರೂ, ‘ಆಗುವುದಿಲ್ಲ’ ಎಂದದ್ದನ್ನು ನಾನು ಈ ಹದಿನೆಂಟು ವರ್ಷಗಳಲ್ಲಿ ಕೇಳಿಲ್ಲ. ಇದು ಹೊಗಳಿಕೆಯಲ್ಲ. ಕಾಯಿಲೆಯ ವಿವರ.

ಕಾಯಿಲೆ ಅಂಟಿದ್ದು ಕಸುಬಿನಿಂದ. ಕಾರ್ಕಳದ ಕಡೆಯಿಂದ ಮದರಾಸಿಗೆ ಬಂದು, ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಸಪ್ಲೈಯರ್ ಆಗಿ ಬಡ್ತಿ ಪಡೆದ ದಿನ, ಅಡುಗೆಮನೆಯ ಹಿರಿಯ ಭಟ್ಟರು ಅವರನ್ನು ಹಂಡೆಯ ಪಕ್ಕಕ್ಕೆ ಕರೆದು ಒಂದೇ ಒಂದು ಪಾಠ ಹೇಳಿದರಂತೆ: “ಗಿರಾಕಿ ಹತ್ರ ಇಲ್ಲ ಅನ್ಬಾರ್ದು ಮಗಾ. ವಡೆ ಮುಗೀತಾ? ಬಿಸಿ ಬೋಂಡಾ ಉಂಟು ಹೇಳು. ಬೋಂಡಾನೂ ಮುಗೀತಾ? ಈಗ ಬರ್ತದೆ ಹೇಳಿ ನೀರು ಇಡು.” ಕಾಂತಪ್ಪನವರು ಈ ಪಾಠವನ್ನು ಹೋಟೆಲಿನಲ್ಲೇ ಬಿಟ್ಟು ಮನೆಗೆ ಹೋಗಬೇಕಿತ್ತು. ಜೊತೆಗೇ ಒಯ್ದರು. ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ, “ಹೇಗೆ, ಒಪ್ಪಿಗೆಯಾ?” ಎಂದು ಕೇಳಿದ್ದಕ್ಕೆ “ಆಯ್ತು” ಎಂದರು. ಅವರ ಹೆಂಡತಿ ಸರಸಮ್ಮ ಇವತ್ತಿಗೂ ಹೇಳುತ್ತಾರೆ: “ಅವತ್ತು ಇವರು ಒಪ್ಪಿದ್ದು ನನ್ನನ್ನಾ, ನಾನು ತಂದಿಟ್ಟ ಉಪ್ಪಿಟ್ಟನ್ನಾ ಅಂತ ನಂಗಿನ್ನೂ ಗೊತ್ತಾಗಿಲ್ಲ.”

ಹೋಟೆಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಆಸ್ಪತ್ರೆಯವರು. ರೋಗಿಗಳಲ್ಲ, ರೋಗಿಗಳ ಕಡೆಯವರು. ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಎಕ್ಸ್‌ರೇ. ಆಪರೇಷನ್ ಆದವರಿಗೆ ಖಾರವಿಲ್ಲದ ಸಾರನ್ನ, ಬಾಯಿ ಹುಣ್ಣಾದವರಿಗೆ ನುಣ್ಣಗೆ ಹಿಸುಕಿದ ಇಡ್ಲಿ, ಏನೂ ಸೇರದವರಿಗೆ ಉಪ್ಪು ಹಾಕಿದ ಗಂಜಿ. ಇವು ಯಾವುವೂ ಗೋಡೆಯ ಮೇಲಿನ ಪಟ್ಟಿಯಲ್ಲಿ ಇಲ್ಲ. ಫ್ಲಾಸ್ಕು ಹಿಡಿದು ನಿಂತವರ ಮುಖ ನೋಡಿಯೇ ಕಾಂತಪ್ಪನವರು, “ಯಾವ ವಾರ್ಡು? ಊಟ ಬಿಟ್ಟು ಎಷ್ಟು ದಿನ ಆಯ್ತು?” ಎಂದು ತಮ್ಮ ಕರಾವಳಿ ತಮಿಳಿನಲ್ಲಿ ಕೇಳಿ ಒಳಗೆ ಹೋಗುತ್ತಾರೆ. ದೊಡ್ಡ ಡಾಕ್ಟರುಗಳಿಗಿಂತ ಮೊದಲೇ, ಯಾರು ಬದುಕಿ ಮನೆಗೆ ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ ಎಂದು ಹೇಳುವವರಿದ್ದಾರೆ. ನಾನು ಕೇಳಿದಾಗ, “ಫ್ಲಾಸ್ಕು ತೊಳೆದು ತಂದ್ರೆ ಧೈರ್ಯ ಉಂಟು ಅಂತ ಲೆಕ್ಕ ಮಾರಾಯ್ರೆ” ಎಂದರು. ಅಷ್ಟೆ.

ಇಂಥವರ ಜೀವನದಲ್ಲಿ ಕುವೈತ್ ಬಂದದ್ದು ರಾಮದಾಸ ಎಂಬವರಿಂದ. ಅವರೂ ಕಾರ್ಕಳದ ಕಡೆಯವರೇ. ಕುವೈತಿನಲ್ಲಿ ದಿನಸಿ ಅಂಗಡಿಗಳನ್ನು ಇಟ್ಟು ದೊಡ್ಡವರಾದವರು. ಅಣ್ಣನ ಚಿಕಿತ್ಸೆಗೆಂದು ಕೀಲ್ಪಾಕಿಗೆ ಬಂದು ಹತ್ತೊಂಬತ್ತು ದಿನ ಕಾಂತಪ್ಪನವರಲ್ಲೇ ಉಂಡರು. ಅಣ್ಣ ಗುಣವಾಗಿ ಹೊರಟ ದಿನ ಕೈ ತೊಳೆಯುತ್ತಾ, “ಕಾಂತಪ್ಪಣ್ಣ, ಅಲ್ಲಿ ಬಂದು ನಮಗೊಂದು ಹೋಟೆಲ್ ಮಾಡಿಕೊಡ್ತೀರಾ?” ಎಂದರು. ಕಾಂತಪ್ಪನವರು, ಇನ್ನೊಂದು ಸೌಟು ಚಟ್ನಿ ಕೇಳಿದವರಿಗೆ ಹೇಳುವ ದನಿಯಲ್ಲೇ, “ಆಯ್ತು” ಎಂದರು.

ಆರು ತಿಂಗಳ ಮೇಲೆ ಹದಿನಾಲ್ಕು ಪುಟಗಳ ಕರಾರು ಬಂತು. ರಾಮದಾಸರ ಸಹಿ ಆಗಲೇ ಬಿದ್ದಿತ್ತು.

ಅಪ್ಪನಿಗಿಂತ ಮೊದಲು ಅದನ್ನು ಓದಿದವನು ಮಗ ಸಂದೇಶ್. ಕೇಟರಿಂಗ್ ಕಲಿತವನು. ಹುಟ್ಟಿದ್ದು ಬೆಳೆದದ್ದು ಎಲ್ಲ ಚೆನ್ನೈ. ಮನೆಯಲ್ಲಿ ತುಳು ಕಿವಿಗೆ ಬೀಳುತ್ತದೆ, ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ತಮಿಳು. ಅವನ ಮಾತನ್ನು ನಾನೇ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನನ್ನದು. “ಅಪ್ಪಾ, ಸೂಪರ್ ಪಾ! ನಮ್ಮ ಹೋಟೆಲ್ ಹೆಸರು ಕುವೈತಲ್ಲಿ!” ಎಂದು ಅವನು ಕುಣಿದ. ಒಂಬತ್ತನೆಯ ಕಲಮಿನ ಪ್ರಕಾರ ಕಾಂತಪ್ಪನವರು ಖುದ್ದಾಗಿ ಅಲ್ಲಿಯ ಅಡುಗೆಮನೆಯಲ್ಲಿ ಮೂರು ವರ್ಷ ಇರತಕ್ಕದ್ದು. ಹತ್ತಿರದವರ ಮದುವೆ ಅಥವಾ ಮರಣದ ಹೊರತು ನಡುವೆ ಊರಿಗೆ ಬರತಕ್ಕದ್ದಲ್ಲ. ಅದನ್ನೂ ಅವನು ಓದಿ ಹೇಳಿದ. “ಸರಿ ತಾನೇ ಅಪ್ಪಾ?” ಎಂದು ಕೇಳಿದ. ಅಪ್ಪ ಏನೆಂದರು ಎಂಬುದನ್ನು ನೀವೇ ಊಹಿಸಿ.

ಇಲ್ಲಿಗೆ ನನ್ನ ಪ್ರವೇಶ. ನನ್ನ ಹೆಸರು ಸುಜಯೀಂದ್ರ, ಕಾಂತಪ್ಪನವರಿಗೆ ‘ರಾಯರು’. ನಮ್ಮ ಮನೆತನ ಮದರಾಸಿಗೆ ಬಂದು ಐದು ತಲೆಮಾರಾಯಿತು. ನಾನು ಕನ್ನಡ ಮಾತಾಡಿದರೆ ಬೆಂಗಳೂರಿನವರು ತಮಿಳು ಎನ್ನುತ್ತಾರೆ, ತಮಿಳು ಮಾತಾಡಿದರೆ ಮೈಲಾಪುರದವರು ‘ತೆಲುಗಾ?’ ಎಂದು ಕೇಳುತ್ತಾರೆ. ಚರ್ಮ ರಫ್ತಿನ ಕಂಪನಿಯೊಂದರಲ್ಲಿ ಕಾಗದಪತ್ರದ ಗುಮಾಸ್ತನಾಗಿದ್ದೆ. ಕಂಪನಿ ಮುಚ್ಚಿದ ಮೇಲೆ, ಪರದೇಶದಲ್ಲಿ ಚಲಾವಣೆಯಾಗಬೇಕಾದ ಕರಾರುಗಳನ್ನು ಹಿಡಿದು ಮೊಹರಿನಿಂದ ಮೊಹರಿಗೆ ಓಡಾಡುವುದೇ ಉದ್ಯೋಗವಾಯಿತು. ನನ್ನ ಕಾರ್ಡಿನ ಮೇಲೆ ‘ದಸ್ತಾವೇಜು ಸಲಹೆಗಾರ’ ಎಂದಿದೆ. ಹೆಂಡತಿ ಜಯಲಕ್ಷ್ಮಿ ನೆಂಟರಿಗೆ, “ಅವರು ಕ್ಯೂನಲ್ಲಿ ನಿಂತ್ಕೋತಾರೆ” ಎಂದು ವಿವರಿಸುತ್ತಾಳೆ. ಇದಲ್ಲದೆ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷ ಹಾಸ್ಯ ಭಾಷಣ ಮಾಡುತ್ತೇನೆ. ಇದರ ಫಲವಾಗಿ ಕೀಲ್ಪಾಕಿನ ಕನ್ನಡಿಗರು ನಾನು ಜ್ವರ ಎಂದರೂ ನಗುತ್ತಾರೆ.

ಕರಾರಿಗೆ ಪರದೇಶದ ಮಾನ್ಯತೆ ಕೊಡಿಸುವುದೆಂದರೆ ಏನು ಎಂದು ಬಹಳ ಜನ ಕೇಳುತ್ತಾರೆ. ತುಂಬ ಸುಲಭ. ನಾನು ಸಹಿ ಹಾಕಿದೆ ಎಂದರೆ ಕುವೈತಿನವರು ಯಾಕೆ ನಂಬಬೇಕು? ಆದ್ದರಿಂದ ಒಬ್ಬ ನೋಟರಿ, ‘ಇವನು ನನ್ನ ಎದುರಿಗೇ ಸಹಿ ಹಾಕಿದ’ ಎಂದು ಮೊಹರು ಹಾಕುತ್ತಾರೆ. ಆ ನೋಟರಿಯನ್ನು ಯಾರು ನಂಬಬೇಕು? ವರ್ತಕರ ಮಂಡಳಿಯವರು, ‘ಈ ನೋಟರಿ ನಿಜವಾದ ನೋಟರಿಯೇ’ ಎಂದು ಮೊಹರು ಹಾಕುತ್ತಾರೆ. ಮಂಡಳಿ ನಿಜವಾದ ಮಂಡಳಿಯೇ ಎಂದು ವಿದೇಶಾಂಗ ಇಲಾಖೆ. ಇಲಾಖೆ ನಿಜವಾದ ಇಲಾಖೆಯೇ ಎಂದು ದಿಲ್ಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿ. ಪ್ರತಿಯೊಬ್ಬರೂ ನೋಡುವುದು ತಮ್ಮ ಹಿಂದಿನ ಮೊಹರನ್ನು ಮಾತ್ರ. ಒಳಗೆ ಏನು ಬರೆದಿದೆ ಎಂದು ಓದುವುದು ಯಾರ ಕೆಲಸವೂ ಅಲ್ಲ. ಇಪ್ಪತ್ತೆರಡು ವರ್ಷ ಈ ದಾರಿಯಲ್ಲಿ ನಡೆದ ನನ್ನದೂ ಅಲ್ಲ.

ಮೊದಲು ನೋಟರಿ. ನನ್ನ ಚಿಕ್ಕಪ್ಪನ ಮಗಳು ವಿಭಾ ವಕೀಲೆ, ನೋಟರಿಯೂ ಹೌದು. ಕಾಂತಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಶಾಲೆಗೆ ಸೇರಿಸಲು ಕರೆತಂದ ಮಗುವಿನ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ವಿಭಾ ಕನ್ನಡಕದ ಮೇಲಿನಿಂದ ನೋಡುತ್ತಾ ಕೇಳಿದಳು:

“ಸ್ವಂತ ಇಷ್ಟದಿಂದ ಸೈನ್ ಮಾಡ್ತಿದೀರಾ? ಯಾರ ಬಲವಂತವೂ ಇಲ್ವಲ್ಲ?”

ಕಾಂತಪ್ಪನವರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಹನ್ನೆರಡಾದರೆ ಮಂಡಳಿಯಲ್ಲಿ ಕಾಗದ ತೆಗೆದುಕೊಳ್ಳುವುದಿಲ್ಲ.

“ಸಂಕೋಚ ಬೇಡ, ಮಾಮೂಲು ಪ್ರಶ್ನೆ ಅದು. ಹೌದು ಅನ್ನಿ ಸಾಕು” ಎಂದೆ ನಾನು.

“ಆಯ್ತಮ್ಮಾ” ಎಂದರು ಕಾಂತಪ್ಪನವರು. ಹದಿನಾಲ್ಕು ಸಹಿ ಹಾಕಿದರು. ವಿಭಾ ಕೆಂಪು ಮೊಹರು ಒತ್ತಿದಳು.

ಆ ಇಡೀ ದಾರಿಯಲ್ಲಿ ಕಾಂತಪ್ಪನವರ ಇಷ್ಟವನ್ನು ವಿಚಾರಿಸಿದ ಪ್ರಶ್ನೆ ಅದೊಂದೇ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಅದಕ್ಕೆ ಉತ್ತರ ಹೇಳಿಕೊಟ್ಟವನೂ ನಾನೇ.

ಅವತ್ತು ಮಂಡಳಿಗೆ ಹೊತ್ತು ಮೀರಿತ್ತು. “ಒಂದು ರಾತ್ರಿ ದೇವರ ಹತ್ರ ಇಟ್ಟು ಕೊಡ್ತೇನೆ” ಎಂದು ಕಾಂತಪ್ಪನವರು ಕರಾರನ್ನು ಮನೆಗೆ ಒಯ್ದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಹೋಟೆಲಿನಲ್ಲಿ ಕವರು ಕೈಗೆ ಬಂದಾಗ ಬಿಡಿಸಿ ನೋಡಿದೆ. ಹದಿನಾಲ್ಕು ಪುಟಗಳಿಗೂ, ಪುಟಕ್ಕೆ ನಾಲ್ಕು ಮೂಲೆಗೂ, ಅರಿಶಿನ. ಮದುವೆ ಕಾಗದಕ್ಕೆ ಹಚ್ಚುವ ಹಾಗೆ ಚುಕ್ಕಿಯಲ್ಲ, ಧಾರಾಳವಾಗಿ, ಹೆಬ್ಬೆಟ್ಟಿನಗಲ. ಕೊನೆಯ ಪುಟದಲ್ಲಿ ವಿಭಾಳ ಕೆಂಪು ಮೊಹರಿನ ಪಕ್ಕ ಅಷ್ಟೇ ದೊಡ್ಡದೊಂದು ಕುಂಕುಮದ ಬೊಟ್ಟು.

“ಏನ್ ಕಾಂತಪ್ಪನವರೇ ಇದು!”

“ಶುಭ ಕೆಲಸ ಅಲ್ವಾ ರಾಯರೇ. ಮನೆಯವರು ಹಚ್ಚಿದ್ದು” ಎಂದು ಅವರು ಸಾಂಬಾರಿನ ಪಾತ್ರೆ ಕಡೆ ತಿರುಗಿದರು. ಸ್ವಲ್ಪ ಹೊತ್ತು ಬಿಟ್ಟು, “ಇನ್ನು ಅದು ನಡೀಲಿಕ್ಕಿಲ್ಲ, ಅಲ್ವಾ?” ಎಂದರು.

ಆ ದನಿಯನ್ನು ನಾನು ಆತಂಕ ಎಂದುಕೊಂಡೆ. “ನಾನು ಇರೋವಾಗ ನಡೀದೆ ಹೋಗೋದುಂಟಾ?” ಎಂದು ಅಭಯ ಕೊಟ್ಟೆ.

ಮಂಡಳಿಯ ಕೌಂಟರಿನಲ್ಲಿದ್ದ ಹೆಂಗಸು ಕಾಗದ ಬಿಡಿಸಿದವಳೇ, “ಸಾರ್, ಇದು ಅಗ್ರಿಮೆಂಟಾ, ಕಲ್ಯಾಣ ಪತ್ರಿಕೆಯಾ?” ಎಂದಳು. ಕುಂಕುಮವನ್ನು ತೋರಿಸಿ, “ಇದು ಯಾರ ಸೀಲು?” ಎಂದಳು. ಹಿಂದೆ ನಿಂತವರು ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಕ್ಕು ಹೊಸ ಪ್ರತಿ ಮಾಡಿಸಿ ತರುತ್ತಿದ್ದೆ. ಆದರೆ ರಾಮದಾಸರ ಸಹಿ ಇನ್ನೊಮ್ಮೆ ಬೇಕೆಂದರೆ ಕಾಗದ ಕುವೈತಿಗೆ ಹೋಗಿಬರಬೇಕು, ಎರಡು ತಿಂಗಳು. ಅಲ್ಲದೆ ಮಾನದ ಪ್ರಶ್ನೆ. ನಾನು ವಾದಕ್ಕೆ ನಿಂತೆ. ಒಂದಕ್ಷರವಾದರೂ ಮುಚ್ಚಿದೆಯೇ ಅಮ್ಮಾ? ಒಂದು ಸಹಿಯಾದರೂ ಅಳಿಸಿದೆಯೇ? ಬದಿಯ ಖಾಲಿ ಜಾಗದಲ್ಲಿ ಏನೂ ಇರಕೂಡದೆಂದು ಯಾವ ನಿಯಮ? ಇಪ್ಪತ್ತು ನಿಮಿಷ ಮಾತಾಡಿದೆ. ಸಂಘದ ವೇದಿಕೆಯಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಕೊನೆಗೆ ಒಳಗಿನಿಂದ ಹಿರಿಯ ಅಧಿಕಾರಿ ಎದ್ದು ಬಂದರು. ಹಣೆಯ ಮೇಲೆ ವಿಭೂತಿ. ಪುಟ ಪುಟವೂ ತಿರುಗಿಸಿದರು. ಅಕ್ಷರವೆಲ್ಲ ಸರಿಯಾಗಿಯೇ ಕಾಣುತ್ತದೆ ಎಂದರು. ಕಾಗದದ ಮೂಲೆ ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಮೊಹರು ಹಾಕಿದರು.

ಹೋಟೆಲಿಗೆ ಓಡಿಬಂದು, “ಗೆದ್ದೆ!” ಎಂದೆ.

ಕಾಂತಪ್ಪನವರು ದೋಸೆ ಕಾವಲಿಯ ಮುಂದೆ ನಿಂತಿದ್ದರು. “ಹೌದಾ” ಎಂದರು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಅವರ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಅವತ್ತೇ ನೋಡಿದ್ದು. ಸಂತೋಷಕ್ಕೆ ಮೈಮರೆತರು ಎಂದುಕೊಂಡೆ. ನನ್ನ ಬುದ್ಧಿಯ ಅಳತೆ ಇಷ್ಟು.

ವಿದೇಶಾಂಗ ಇಲಾಖೆಯ ಕಾಗದ ತೆಗೆದುಕೊಳ್ಳುವ ಕಡೆಗೆ ಇಬ್ಬರೂ ಹೋದೆವು. ಅಲ್ಲಿ ಕೌಂಟರಿನ ಮುಂದೆ ಕಾಂತಪ್ಪನವರು ಜೇಬು ತಡಕಿ, “ಅಯ್ಯೋ, ಆಧಾರ್ ಕಾರ್ಡಿನ ಜೆರಾಕ್ಸ್ ಮನೆಯಲ್ಲೇ ಉಳೀತು. ಇವತ್ತು ಬೇಡ ರಾಯರೇ, ಮುಂದಿನ ತಿಂಗಳು ನೋಡುವ” ಎಂದರು. ನಾನು ಗಹಗಹಿಸಿ ನಕ್ಕು ಚೀಲದಿಂದ ಅವರ ಆಧಾರಿನ ಐದು ಪ್ರತಿ ತೆಗೆದೆ. ಪಾಸ್‌ಪೋರ್ಟಿನದ್ದು ಮೂರು. ಫೋಟೋ ಒಂದು ಡಜನ್. “ನೀವು ಭಾರೀ ಜಾಗ್ರತೆ ಮಾರಾಯ್ರೆ” ಎಂದರು ಅವರು. ನಾನು ಅದನ್ನೂ ಪ್ರಶಂಸೆ ಎಂದೇ ತೆಗೆದುಕೊಂಡೆ.

ಈ ಊರಿನಲ್ಲಿ ನನ್ನ ಸ್ವಂತ ಮದುವೆಯ ನೋಂದಣಿಗೆ ಮೂರು ಸಲ, ಮಗನ ಜನನಪತ್ರಕ್ಕೆ ಐದು ಸಲ ಓಡಾಡಿದವನು ನಾನು. ಕಾಂತಪ್ಪನವರ ಕರಾರು ಮಾತ್ರ ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಮೂರನೆಯ ಮೊಹರನ್ನೂ ದಾಟಿ ದಿಲ್ಲಿಗೆ ಹೋಯಿತು.

ದಿಲ್ಲಿಯಿಂದ ಅದು ಮರಳಿ ಬರುವ ವಾರದಲ್ಲೇ ನಮ್ಮ ತಂದೆಯ ಶ್ರಾದ್ಧ. ಬಾಳೆಕಾಯಿ, ಹಾಗಲಕಾಯಿ, ಬಾಳೆ ಎಲೆ ಬೇಕು. “ಕೋಯಂಬೇಡು ಮಾರ್ಕೆಟಿಗೆ ನನ್ನ ಜೊತೆ ಬನ್ನಿ, ನಾನು ಆರಿಸಿ ಕೊಡ್ತೇನೆ” ಎಂದರು ಕಾಂತಪ್ಪನವರು. ಬೆಳಿಗ್ಗೆ ಐದೂವರೆಗೆ ಅವರ ಸಣ್ಣ ಟೆಂಪೋದಲ್ಲಿ ಹೊರಟೆವು.

ಹೋಟೆಲಿನಲ್ಲಿ ನೋಡುವ ಕಾಂತಪ್ಪನವರೇ ಬೇರೆ, ಕೋಯಂಬೇಡಿನ ಕಾಂತಪ್ಪನವರೇ ಬೇರೆ. ಮೂಟೆಗಳ ನಡುವೆ ನುಸುಳುತ್ತಾ ಬೆಂಡೆಕಾಯಿಯ ತುದಿ ಮುರಿದು ಬಿಸಾಡುವರು, ಬದನೆಯನ್ನು ಬೆರಳಿಂದ ತಟ್ಟಿ ಕಿವಿಗೆ ಹಿಡಿಯುವರು. ಬೂದುಗುಂಬಳ ಮಾರುವ ಸಣ್ಣಮ್ಮ ಎಂಬ ಹೊಸೂರಿನ ಕಡೆಯ ಹೆಂಗಸು ದೂರದಿಂದಲೇ ಕೂಗಿದಳು: “ಏನಣ್ಣೋ, ಕುವೈತಿಗೆ ಹೊಂಟ್ಯಂತೆ! ಅಲ್ಲಿ ಕುಂಬಳಕಾಯಿ ಯಾರು ಕೊಡ್ತಾರೆ ನಿಂಗೆ, ಒಂಟೆನಾ?”

ಕಾಂತಪ್ಪನವರು ನಗುವ ಬದಲು ಕುಂಬಳಕಾಯಿಯ ರಾಶಿಯ ಪಕ್ಕದ ಖಾಲಿ ಗೋಣಿಯ ಮೇಲೆ ಕೂತುಬಿಟ್ಟರು.

“ರಾಯರೇ, ಈ ಕೊರಿಯರ್ ಎಲ್ಲ ಒಮ್ಮೊಮ್ಮೆ ಕಳ್ದು ಹೋಗುದುಂಟಲ್ಲ?”

“ನನ್ನದು ಹೋಗಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಹೋಗಿಲ್ಲ.”

“ಒಂದೂ?”

“ಒಂದೂ.”

ಅವರು ನೆಲ ನೋಡುತ್ತಾ ಹೇಳಿದರು: “ಆ ಅರಿಶಿನ ಮನೆಯವರು ಹಚ್ಚಿದ್ದಲ್ಲ. ನಾನೇ ಹಚ್ಚಿದ್ದು.”

ಅರ್ಥವಾಗಲು ನನಗೆ ಎರಡು ಲಾರಿ ಹಾದುಹೋಗುವಷ್ಟು ಸಮಯ ಹಿಡಿಯಿತು. ಅರ್ಥವಾದ ಮೇಲೆ ಮಂಡಳಿಯಲ್ಲಿ ಮಾಡಿದ ಭಾಷಣದ ಒಂದೊಂದು ವಾಕ್ಯವೂ ನನ್ನನ್ನು ಬಂದು ಕುಕ್ಕಿತು.

“ಹಾಗಾದ್ರೆ ನಿಮಗೆ ಹೋಗೋಕೆ...”

“ಎಂತ ಮಾಡ್ಲಿ ಅಲ್ಲಿ ಹೋಗಿ? ಅಲ್ಲಿ ಫ್ಲಾಸ್ಕು ಹಿಡ್ಕೊಂಡು ಯಾರು ಬರ್ತಾರೆ? ನಿನ್ನೆ ಒಬ್ಬ ಬಂದಿದ್ದ, ತಿರುವಣ್ಣಾಮಲೆಯವ. ಹೆಂಡತಿ ಎಂಟು ದಿನದಿಂದ ಬಾಯಿ ಬಿಡ್ಲಿಲ್ಲ ಅಂತ. ಗಂಜಿಗೆ ಸ್ವಲ್ಪ ಜೀರಿಗೆ ಹಾಕಿ ಕೊಟ್ಟೆ. ಸಾಯಂಕಾಲ ಮತ್ತೆ ಬಂದ, ಕುಡಿದ್ಲು ಅಂತ ಹೇಳ್ಲಿಕ್ಕೆ. ನಂಗೆ ಅಷ್ಟು ಸಾಕು ರಾಯರೇ. ಅರವತ್ತೊಂದಾಯ್ತು.”

“ಇದನ್ನ ಮೊದಲೇ ಹೇಳೋದಲ್ವಾ ನನ್ನ ಹತ್ರ!”

“ಹೇಗೆ ಹೇಳುದು? ನೀವು ಅಷ್ಟು ಖುಷಿಯಲ್ಲಿ ಓಡಾಡ್ತಾ ಇದ್ರಿ.”

“ಮನೆಯಲ್ಲಿ ಹೇಳಿಬಿಡಿ. ಇವತ್ತೇ ಹೇಳಿ” ಎಂದೆ.

“ಸಂದೇಶ ಊರಿಗೆಲ್ಲ ಹೇಳಿ ಆಯ್ತು. ಹೊಸ ಬೋರ್ಡ್ ಬರೆಸಿದ್ದಾನೆ, ‘ಚೆನ್ನೈ, ಕುವೈತ್’ ಅಂತ. ಹುಡುಗ ಒಂದು ವಾರದಿಂದ ನಾನು ಹೇಳದೆ ಆರು ಗಂಟೆಗೆ ಏಳ್ತಾನೆ, ಗೊತ್ತುಂಟಾ? ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಅವನ ಹತ್ರ ಹೇಗೆ ಹೇಳ್ಲಿ? ನಂಗೆ ಆ ಅಭ್ಯಾಸವೇ ಇಲ್ಲ ಮಾರಾಯ್ರೆ.” ಎದ್ದು ಗೋಣಿಯ ಧೂಳು ಕೊಡವಿಕೊಂಡು, ಪಕ್ಕದ ರಾಶಿಯಿಂದ ಎರಡು ಹಾಗಲಕಾಯಿ ಎತ್ತಿ ಒಂದನ್ನು ವಾಪಸು ಇಟ್ಟು, “ಇದು ಒಳ್ಳೇದುಂಟು, ತಗೊಳ್ಳಿ” ಎಂದರು.

ಟೆಂಪೋ ಹತ್ತುವಾಗ ನನ್ನ ಫೋನು ಟಿಣ್ ಎಂದಿತು. ದಿಲ್ಲಿಯ ಲಕೋಟೆ ನಮ್ಮ ಮನೆಗೆ ಹೊರಟಿತ್ತು.

ಮಧ್ಯಾಹ್ನ ಅದು ಬಂತು. ನಾಲ್ಕನೆಯ ಮೊಹರು ಸ್ಪಷ್ಟವಾಗಿ, ಸುಂದರವಾಗಿ, ಸ್ವಲ್ಪವೂ ಓರೆಯಾಗದೆ ಬಿದ್ದಿತ್ತು. ರಾಮದಾಸರು ಮರುದಿನ ಸಂಜೆ ಚೆನ್ನೈಗೆ ಬಂದು ಕರಾರು ಒಯ್ಯುವವರಿದ್ದರು.

ಆಮೇಲೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಮರುದಿನ ಬೆಳಿಗ್ಗೆ ಆ ಲಕೋಟೆ ಹಿಡಿದು ಮಾಧವರಂ ಬಸ್ಸು ಹತ್ತಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಕಿಟಕಿ ಪಕ್ಕ ಕೂತು ಲಕೋಟೆಯನ್ನು ಸೀಟಿನ ಮೇಲೆ ಇಟ್ಟೆ. ಹಾಲಿನ ಡೈರಿ ಹತ್ತಿರದ ನಿಲ್ದಾಣದಲ್ಲಿ, ಇಪ್ಪತ್ತೆರಡು ವರ್ಷದ ಹೆಸರನ್ನೂ ಅದರ ಜೊತೆಗೇ ಬಿಟ್ಟು, ಇಳಿದು ಸರಸರ ನಡೆದೆ. ನಲವತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ, “ಸಾರ್! ಕವರ್ ಸಾರ್! ಕವರ್!” ಎಂಬ ಕೂಗು. ಹಾಲಿನ ಕ್ಯಾನು ಹಿಡಿದ ಒಬ್ಬ ಮುದುಕ ಬಸ್ಸು ನಿಲ್ಲಿಸಿ, ಇಳಿದು, ಏದುಸಿರು ಬಿಡುತ್ತಾ ಓಡಿಬರುತ್ತಿದ್ದ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಕಂಡಕ್ಟರು ಶೀಟಿ ಊದಿ ನನ್ನನ್ನು ನಿಲ್ಲಿಸಿದ. ಮುದುಕ ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಸರಕಾರದ ಮೊಹರಿದೆ, ಮುಖ್ಯ ಕಾಗದ, ಹುಷಾರಾಗಿ ಇಟ್ಟುಕೊಳ್ಳಪ್ಪಾ ಎಂದು ಬುದ್ಧಿ ಹೇಳಿದ. ನಾನು ಕೈ ಮುಗಿದೆ. ಇನ್ನೇನು ಮಾಡಲಿ?

ಸಂಜೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಎಲ್ಲರೂ ಸೇರಿದ್ದರು. ರಾಮದಾಸರು ಸೇಬಿನ ಬುಟ್ಟಿ ತಂದಿದ್ದರು. ಸಂದೇಶ್ ಹೊಸ ಅಂಗಿ ಹಾಕಿದ್ದ. ಸರಸಮ್ಮ ಗೋಡೆಗೆ ಒರಗಿ ನಿಂತಿದ್ದರು. ಕಾಂತಪ್ಪನವರು ಎಲ್ಲರಿಗೂ ತಾವೇ ಬಡಿಸುತ್ತಿದ್ದರು. ತಮ್ಮ ಕರಾರಿನ ದಿನ ತಾವೇ ಸಪ್ಲೈಯರ್. ನಾನು ಲಕೋಟೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

“ಕೊಡಿ ರಾಯರೇ, ನೋಡುವ ನಿಮ್ಮ ಕೆಲಸ” ಎಂದು ರಾಮದಾಸರು ಕೈ ಚಾಚಿದರು.

“ಕೊಡೋಕೆ ಮುಂಚೆ ಒಂದು ಮಾತು” ಎಂದೆ. “ಕಾಂತಪ್ಪನವರಿಗೆ ಕುವೈತಿಗೆ ಹೋಗೋದು ಇಷ್ಟವಿಲ್ಲ. ಯಾರೂ ಸರಿಯಾಗಿ ಕೇಳಲಿಲ್ಲ ಅಂತ ಸುಮ್ಮನಿದಾರೆ. ಈ ಕಾಗದ ಹರಿದು ಹಾಕಿಬಿಡೋಣ.”

ಸಂದೇಶನ ಮುಖ ನೋಡಿದೆ. ತಟ್ಟೆಯಿಂದ ಎತ್ತಿದ ತುತ್ತು ಹಾಗೇ ನಿಂತಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಮೈದಾನದಲ್ಲಿ ಆಡುತ್ತಿದ್ದವನನ್ನು ಕರೆದು ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲವಂತೆ ಎಂದರೆ ಆಗುವಂಥ ಮುಖ.

“ನಿಜವಾ ಅಪ್ಪಾ?” ಎಂದ. ಕನ್ನಡದಲ್ಲೇ ಕೇಳಿದ.

ಕಾಂತಪ್ಪನವರ ಕೈಯಲ್ಲಿ ಪಲ್ಯದ ಬಟ್ಟಲಿತ್ತು. ಅವರು ಮಗನನ್ನು ನೋಡಿದರು. ಆಮೇಲೆ ನಕ್ಕರು. “ಅಯ್ಯೋ, ರಾಯರದ್ದು ಯಾವಾಗ್ಲೂ ತಮಾಷೆಯೇ ಮಾರಾಯ! ಸಂಘದಲ್ಲಿ ಕೇಳ್ಲಿಲ್ವಾ ನೀನು?”

ಅಷ್ಟೆ. ಕಟ್ಟೆಯೊಡೆದ ಹಾಗೆ ಎಲ್ಲರೂ ನಕ್ಕರು. ರಾಮದಾಸರು ಮೇಜು ತಟ್ಟಿ ತಟ್ಟಿ ನಕ್ಕರು. “ಹರಿದು ಹಾಕಿಬಿಡೋಣ ಅಂತೆ! ಒಂದು ಕ್ಷಣ ನನಗೂ ಹೆದ್ರಿಕೆ ಆಯ್ತು!” ಎಂದು ಕಣ್ಣೊರೆಸಿಕೊಳ್ಳುತ್ತಾ ನನ್ನ ಮಡಿಲಿನಿಂದ ಲಕೋಟೆಯನ್ನು ತಾವೇ ತೆಗೆದುಕೊಂಡರು. ಸರಸಮ್ಮ ನಗಲಿಲ್ಲ. ಗಂಡನನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನಾನು ನಿಜ, ನಿಜ ಎಂದು ಇನ್ನೆರಡು ಸಲ ಹೇಳಿದೆ. ಪ್ರತಿ ಸಲವೂ ನಗು ಜಾಸ್ತಿಯಾಯಿತು.

ಬೀಳ್ಕೊಡಲು ರಸ್ತೆಯವರೆಗೆ ಬಂದ ಕಾಂತಪ್ಪನವರು ಹೇಳಿದರು: “ಹುಡುಗನ ಮುಖ ನೋಡಿದ್ರಲ್ಲ ರಾಯರೇ. ಅಷ್ಟು ಸಾಕು. ಇನ್ನು ಯಾರ ಹತ್ರವೂ ಹೇಳ್ಬೇಡಿ. ನನ್ನ ಮೇಲೆ ಆಣೆ.”

ನಾನು ಇಲ್ಲ ಎನ್ನಬಹುದಿತ್ತು. “ಆಯ್ತು” ಎಂದೆ.

ಕಾಂತಪ್ಪನವರು ಕುವೈತಿಗೆ ಹೋಗಿ ನಾಲ್ಕು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಸಂದೇಶ್ ನಮ್ಮ ಮನೆಗೆ ಬಂದ. ಹಿಂದೆಂದೂ ಒಬ್ಬನೇ ಬಂದವನಲ್ಲ. ಜಯಲಕ್ಷ್ಮಿ ಕೊಟ್ಟ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ, ಕುಡಿಯಲಿಲ್ಲ. ಸೊರಗಿದ್ದ. ಬೆರಳುಗಳಲ್ಲಿ ಕಾವಲಿಯ ಸುಟ್ಟ ಗುರುತು.

“ಅಂಕಲ್, ಫ್ಲಾಸ್ಕು ಹಿಡಿದವರು ಬಂದು ಅಪ್ಪನನ್ನು ಕೇಳುತ್ತಾರೆ” ಎಂದ. “ನಾನು ಗಂಜಿ ಮಾಡಿ ಕೊಡುತ್ತೇನೆ. ತಗೊಂಡು ಹೋಗುತ್ತಾರೆ. ಆದರೆ ವಾಪಸು ಬಂದು ಏನೂ ಹೇಳುವುದಿಲ್ಲ.” ತಲೆ ಎತ್ತದೆ, “ಅವತ್ತು ನೀವು ಹೇಳಿದ್ದು ಜೋಕಾ ಅಂಕಲ್?” ಎಂದ.

ಹೌದೆಂದರೆ ಅವನಿಗೆ ಮೋಸ. ಅಲ್ಲವೆಂದರೆ ಇನ್ನೂ ಎರಡು ವರ್ಷ ಎಂಟು ತಿಂಗಳು ಆ ಹುಡುಗ ಪ್ರತಿ ದೋಸೆಯ ಜೊತೆಗೂ ತಾನೂ ಬೇಯುತ್ತಾನೆ. ಅವನ ಅಪ್ಪ ಒಂದು ನಗು ನಕ್ಕು ಉಳಿಸಿದ್ದನ್ನು ನಾನು ಹಾಳು ಮಾಡಿದ ಹಾಗೆ. ಒಂಬತ್ತನೆಯ ಕಲಮು ಹೇಗೂ ಸಡಿಲವಾಗುವುದಿಲ್ಲ. ಅದು ಎಷ್ಟು ಗಟ್ಟಿ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಟ್ಟಿ ಮಾಡಿಸಿದವನು ನಾನು.

“ಜೋಕಪ್ಪಾ” ಎಂದೆ. “ಕೆಟ್ಟ ಜೋಕು.”

ಅವನು ಉಸಿರು ಬಿಟ್ಟ. ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿದ. ಆಗಲೇ ಅವನ ಫೋನು ಹೊಡೆದುಕೊಂಡಿತು. ಭಾನುವಾರ ಆ ಹೊತ್ತಿಗೆ ಅಪ್ಪ ಫೋನು ಮಾಡುವುದು ರೂಢಿಯಂತೆ. ಪರದೆಯಲ್ಲಿ ಬೆಳ್ಳಗೆ ತೊಳೆದಿಟ್ಟ ದೊಡ್ಡ ಅಡುಗೆಮನೆ, ಅದರ ನಡುವೆ ಎತ್ತರದ ಬಿಳಿ ಟೋಪಿ ಹಾಕಿದ ಕಾಂತಪ್ಪನವರು. “ಅಪ್ಪಾ, ನಾನು ಅಂಕಲ್ ಮನೆಯಲ್ಲಿದ್ದೇನೆ” ಎಂದು ಸಂದೇಶ್ ಫೋನನ್ನು ನನ್ನ ಕಡೆ ತಿರುಗಿಸಿದ.

ಕಾಂತಪ್ಪನವರು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದರು. ಹಿಂದಿನಿಂದ ಯಾರೋ ಅರಬ್ಬಿಯಲ್ಲೋ ಹಿಂದಿಯಲ್ಲೋ ಏನನ್ನೋ ಕೇಳಿದರು. ಅವರು ಆ ಕಡೆ ತಿರುಗಿ ತಲೆಯಾಡಿಸಿ ಮತ್ತೆ ನನ್ನ ಕಡೆ ಬಂದರು.

“ಹೇಗಿದ್ದೀರಿ ರಾಯರೇ?”

“ಚೆನ್ನಾಗಿದೀನಿ ಕಾಂತಪ್ಪನವರೇ. ನೀವು?”

“ಒಳ್ಳೇದುಂಟು. ಇಲ್ಲಿ ಎಲ್ಲ ಒಳ್ಳೇದುಂಟು.”

ಸಂದೇಶ್ ಕೈ ನೀಡಿ, ಫೋನು ಅಲುಗಾಡದ ಹಾಗೆ, ನಮ್ಮಿಬ್ಬರ ನಡುವೆ ಹಿಡಿದುಕೊಂಡೇ ಇದ್ದ.